ಹಲಗೆ ಕೊಯ್ಯಿಸುವ ಮುಂಚೆ ವೂಫರ್ ಅಳೆಯಿರಿ

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರೂವರೆ ಇಂಚಿನ ಎರಡು ವೂಫರ್ (ಬೇಸ್ ನುಡಿಸುವ ಸ್ಪೀಕರ್) ತಂದಿದ್ದೇನೆ. ಹಿಂದೆ '8 ಓಮ್, 60 ವ್ಯಾಟ್' ಎಂಬ ಚೀಟಿ ಬಿಟ್ಟರೆ ಬೇರೆ ವಿವರವಿಲ್ಲ. ಒಂದು ಅಡಿ ಅಗಲ, ಒಂದು ಅಡಿ ಆಳ, ಒಂದೂವರೆ ಅಡಿ ಎತ್ತರದ ಬಾಕ್ಸ್ ಮಾಡಿಸಿ, ಸಾಕು ಎಂದರು ಅಂಗಡಿಯವರು. ಹಾಗೇ ಮಾಡಿಸಲೇ? (ಹಾಸನ)

ಆ ಅಳತೆಗೆ 18 ಮಿ.ಮೀ. ಹಲಗೆ ಹಾಕಿದರೆ ಒಳಗೆ ಸುಮಾರು 30 ಲೀಟರ್ ಜಾಗ ಸಿಗುತ್ತದೆ. ನಿಮ್ಮ ವೂಫರ್‌ಗೆ 30 ಬೇಕೋ, 12 ಸಾಕೋ ಅನ್ನುವುದು ಅದರ ಇಂಚು ನೋಡಿ ಗೊತ್ತಾಗುವುದಿಲ್ಲ. ಬಾಕ್ಸ್‌ನೊಳಗಿನ ಗಾಳಿ ಕೋನ್‌ನ ಬೆನ್ನಿಗೆ ಸ್ಪ್ರಿಂಗ್ ಇದ್ದಂತೆ. ಆ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಎಂದು ಹೇಳಲು ಮೂರು ಅಂಕಿ ಬೇಕು. ಒಂದು, ವೂಫರ್ ತಾನಾಗಿ ಕಂಪಿಸುವ ಆವರ್ತನ (ಎಫ್‌ಎಸ್). ಎರಡು, ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ಹೇಳುವ ಕ್ಯೂಟಿಎಸ್. ಮೂರು, ಕೋನ್‌ನ ಅಂಚು ಮತ್ತು ಅದನ್ನು ಹಿಂದಿನಿಂದ ಹಿಡಿದಿಡುವ ಸುಕ್ಕು ತಟ್ಟೆ, ಅಂದರೆ ಸ್ಪೈಡರ್‌ನ ಬಿಗಿಗೆ ಸಮನಾದ ಗಾಳಿಯ ಗಾತ್ರ, ಅಂದರೆ ವಾಸ್. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಈ ಲೆಕ್ಕವನ್ನು ಕಟ್ಟಿಕೊಟ್ಟರು. ವಿವರದ ಕಾಗದ ಜೊತೆಗಿಲ್ಲದ ವೂಫರ್ ಆದರೂ ಈ ಮೂರನ್ನು ಮನೆಯಲ್ಲೇ ಅಳೆಯಬಹುದು.

ಬೇಕಾಗುವುದು 1000 ಓಮ್ ಮತ್ತು 10 ಓಮ್‌ನ ಒಂದೊಂದು ರೆಸಿಸ್ಟರ್ (1 ವ್ಯಾಟ್‌ನದು ಸಾಕು), ಒಂದು ಸಣ್ಣ ಆಂಪ್ಲಿಫೈಯರ್, ಟೋನ್ ಜನರೇಟರ್ ಆ್ಯಪ್ ಇರುವ ಮೊಬೈಲ್, ಮಲ್ಟಿಮೀಟರ್. ಎಸಿಯಲ್ಲಿ 200 ಮತ್ತು 750 ವೋಲ್ಟ್ ಮಾತ್ರ ಇರುವ ಅಗ್ಗದ ಹಳದಿ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. 2 ವೋಲ್ಟ್ ಎಸಿ ಅಥವಾ ಮಿಲಿವೋಲ್ಟ್ ಎಸಿ ರೇಂಜ್ ಇರಲೇಬೇಕು. ಆಂಪ್ಲಿಫೈಯರ್‌ನ ಬೇಸ್, ಟ್ರೆಬಲ್ ಗುಂಡಿ ನಡುವೆ ಇರಲಿ. ಬೇಸ್ ಬೂಸ್ಟ್ ಆಫ್ ಮಾಡಿ.

ಆಂಪ್ಲಿಫೈಯರ್‌ನ ಒಂದು ತಂತಿಗೆ 1000 ಓಮ್ ರೆಸಿಸ್ಟರ್ ಸೇರಿಸಿ, ಅದರ ಆಚೆ ತುದಿಗೂ ಇನ್ನೊಂದು ತಂತಿಗೂ ನಡುವೆ, ಮೊದಲು ವೂಫರ್ ಬದಲು, 10 ಓಮ್ ರೆಸಿಸ್ಟರ್ ಹಾಕಿ. 50 ಹರ್ಟ್ಜ್ ಟೋನ್ ಕೊಟ್ಟು, 10 ಓಮ್‌ನ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ತೋರಿಸುವ ತನಕ ವಾಲ್ಯೂಮ್ ಏರಿಸಿ. ಇನ್ನು ಮುಂದೆ 5 ಮಿಲಿವೋಲ್ಟ್‌ಗೆ ಒಂದು ಓಮ್ ಎಂದು ಓದಿಕೊಳ್ಳಿ, ವಾಲ್ಯೂಮ್ ಮುಟ್ಟಬೇಡಿ. ಟೋನನ್ನು 30ಕ್ಕೆ ಇಳಿಸಿದಾಗಲೂ 50 ಮಿಲಿವೋಲ್ಟೇ ಇದೆಯೇ ನೋಡಿ. ಇಳಿದರೆ ಮೀಟರ್ ಅಥವಾ ಆಂಪ್ಲಿಫೈಯರ್ ಕೆಳಗಿನ ಆವರ್ತನದಲ್ಲಿ ಸೋಲುತ್ತಿದೆ ಎಂದರ್ಥ.

ಈಗ 10 ಓಮ್ ತೆಗೆದು ವೂಫರ್ ಜೋಡಿಸಿ. ಅದು ಬೆಂಚಿನ ಅಂಚಿಗೆ ಬಿಗಿಯಾಗಿ ಕಟ್ಟಿರಲಿ, ಹಿಂದೆ ಮುಂದೆ ಗಾಳಿ ಆಡಲಿ. ಹೊಸ ವೂಫರ್ ಆದರೆ ಮೊದಲೇ ಒಂದೆರಡು ಗಂಟೆ 25–30 ಹರ್ಟ್ಜ್ ಟೋನ್ ಕೊಟ್ಟು ಮೈ ಸಡಿಲಿಸಿ ಇಟ್ಟುಕೊಳ್ಳಿ. ಆವರ್ತನವನ್ನು 20ರಿಂದ ಮೇಲೆ ಒಂದೊಂದೇ ಹೆಜ್ಜೆ ಏರಿಸುತ್ತಾ ಹೋದರೆ ಮೀಟರ್ ಏರಿ, ಒಂದು ಕಡೆ ಶಿಖರ ಮುಟ್ಟಿ, ಮತ್ತೆ ಇಳಿಯುತ್ತದೆ. ಶಿಖರ 52 ಹರ್ಟ್ಜ್‌ನಲ್ಲಿ 200 ಮಿಲಿವೋಲ್ಟ್ ಬಂತು ಎನ್ನೋಣ. ಅಲ್ಲಿಗೆ ಎಫ್‌ಎಸ್ 52, ಅಲ್ಲಿನ ಪ್ರತಿರೋಧ 40 ಓಮ್. ಆಂಪ್ಲಿಫೈಯರ್ ಬಿಚ್ಚಿ ವೂಫರ್ ಕಾಯಿಲ್‌ನ ಓಮ್ ನೋಡಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ತೋರುವ ಅಂಕಿಯನ್ನು ಕಳೆಯಲು ಮರೆಯಬೇಡಿ. 6.4 ಬಂತು ಎನ್ನಿ. 40 ಭಾಗಿಸು 6.4 ಅಂದರೆ 6.25, ಅದರ ವರ್ಗಮೂಲ 2.5. 6.4ನ್ನು 2.5ರಿಂದ ಗುಣಿಸಿದರೆ 16 ಓಮ್, ಅಂದರೆ 80 ಮಿಲಿವೋಲ್ಟ್. ಶಿಖರದ ಆಚೆ ಈಚೆ 80 ಮಿಲಿವೋಲ್ಟ್ ತೋರಿಸುವ ಎರಡು ಆವರ್ತನ ಹುಡುಕಿ. ಉದಾಹರಣೆಗೆ 34 ಮತ್ತು 79.5 ಹರ್ಟ್ಜ್. ಇವೆರಡರ ಗುಣಲಬ್ಧದ ವರ್ಗಮೂಲ 52ರ ಹತ್ತಿರ ಬಂದರೆ ಅಳತೆ ಸರಿಯಿದೆ, ಬರದಿದ್ದರೆ ಮತ್ತೊಮ್ಮೆ ಅಳೆಯಿರಿ. ನಡುವಿನ ಅಂತರ 45.5. 52ನ್ನು 2.5ರಿಂದ ಗುಣಿಸಿ 45.5ರಿಂದ ಭಾಗಿಸಿದರೆ 2.86. ಅದನ್ನು 6.25ರಿಂದ ಭಾಗಿಸಿದರೆ 0.457. ಇದೇ ಕ್ಯೂಟಿಎಸ್.

ವಾಸ್‌ಗೆ ಗಾತ್ರ ಗೊತ್ತಿರುವ ಗಟ್ಟಿ ಬಾಕ್ಸ್ ಬೇಕು. 15 ಲೀಟರ್‌ನ ಹಳೆಯ ಬಾಕ್ಸ್ ಆದರೂ ಸರಿ, ಎಲ್ಲೂ ಗಾಳಿ ಸೋರಬಾರದು. ವೂಫರನ್ನು ಅದಕ್ಕೆ ಬಿಗಿಸಿ ಶಿಖರ ಮತ್ತೆ ಹುಡುಕಿ. ಅದು 84ಕ್ಕೆ ಏರಿದ್ದರೆ 84 ಭಾಗಿಸು 52, ಅದರ ವರ್ಗ 2.61, ಒಂದು ಕಳೆದರೆ 1.61, ಅದನ್ನು 15ರಿಂದ ಗುಣಿಸಿದರೆ ಸುಮಾರು 24 ಲೀಟರ್.

ಮುಚ್ಚಿದ ಬಾಕ್ಸ್‌ಗೆ ಒಟ್ಟು ಕ್ಯೂ (ಬಾಕ್ಸ್ ಒಳಗೆ ಕೂತ ವೂಫರ್‌ನ ಕ್ಯೂ) 0.707 ಇಟ್ಟುಕೊಳ್ಳುವುದು ವಾಡಿಕೆ. 0.707 ಭಾಗಿಸು 0.457, ಅದರ ವರ್ಗ 2.39, ಒಂದು ಕಳೆದರೆ 1.39. 24ನ್ನು ಅದರಿಂದ ಭಾಗಿಸಿದರೆ 17 ಲೀಟರ್ ಚಿಲ್ಲರೆ. ಬೇಸ್ ಸುಮಾರು 80 ಹರ್ಟ್ಜ್‌ನಿಂದ ಕೆಳಗೆ ನಿಧಾನವಾಗಿ ಇಳಿಯುತ್ತದೆ. ಹೆಸರಿಲ್ಲದ ವೂಫರ್‌ಗೆ ಮುಚ್ಚಿದ ಬಾಕ್ಸೇ ಒಳ್ಳೆಯದು, ಏಕೆಂದರೆ ಅದು ತಪ್ಪನ್ನು ಸಹಿಸುತ್ತದೆ. ಇದೇ ವೂಫರ್ 14 ಲೀಟರ್‌ನಲ್ಲಿ ಕೂತರೆ ಕ್ಯೂ 0.75, 20 ಲೀಟರ್ ದಾಟಿದರೆ 0.67. ಕಿವಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಅಳೆದಾಗ ಕ್ಯೂಟಿಎಸ್ 0.7ನ್ನು ಬಹಳ ದಾಟಿ ಬಂದರೆ (ಮ್ಯಾಗ್ನೆಟ್ ಚಿಕ್ಕದಿರುವ ಅಗ್ಗದ ವೂಫರ್‌ಗಳಲ್ಲಿ ಬರುತ್ತದೆ) ಎಷ್ಟೇ ದೊಡ್ಡ ಬಾಕ್ಸ್ ಮಾಡಿದರೂ ಬೇಸ್ ಗುಂಯ್ ಎನ್ನುವುದು ತಪ್ಪದು.

ವೂಫರ್‌ನ ಹಿಂಭಾಗ ನುಂಗುವ ಜಾಗ, ಒಳಗಿನ ಆಧಾರಪಟ್ಟಿ ಎಲ್ಲ ಸೇರಿ ಒಂದೂಕಾಲು ಲೀಟರ್ ಹೆಚ್ಚಿಗೆ ಇಡಿ. ಒಳ ಅಳತೆ 22 × 24 × 35 ಸೆಂ.ಮೀ. ಅಂದರೆ 18.5 ಲೀಟರ್. ಒಂದು ಬಾಕ್ಸ್‌ಗೆ 18 ಮಿ.ಮೀ. ಹಲಗೆಯಲ್ಲಿ ಪಕ್ಕದ ತುಂಡು 35 × 24 ಎರಡು, ಮೇಲೆ ಕೆಳಗೆ 25.6 × 24 ಎರಡು, ಮುಂದೆ ಹಿಂದೆ 25.6 × 38.6 ಎರಡು. ಜೋಡಿಗೆ ನಾಲ್ಕಡಿ ಚೌಕದ ಅರ್ಧ ಹಾಳೆ ಸಾಕು: 38.6, 35, 24 ಸೆಂ.ಮೀ. ಅಗಲದ ಮೂರು ಪಟ್ಟಿ ಉದ್ದಕ್ಕೆ ಕೊಯ್ಯಿಸಿ, ಒಂದೊಂದರಿಂದ ನಾಲ್ಕು ನಾಲ್ಕು ತುಂಡು. ಬ್ಲೇಡ್ ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ತಿನ್ನುತ್ತದೆ. ಅದನ್ನು ಬಿಟ್ಟರೂ 20 ಸೆಂ.ಮೀ. ಮೀರಿದ ಪಟ್ಟಿ ಉಳಿಯುತ್ತದೆ, ಒಳಗಿನ ಆಧಾರಕ್ಕೆ ಅದೇ ಆಯಿತು. ಅಂಗಡಿಯ ಟೇಬಲ್ ಗರಗಸದಲ್ಲೇ ಕೊಯ್ಯಿಸಿ. ಕೈಗರಗಸದಲ್ಲಿ ಮೂಲೆ 1 ಮಿ.ಮೀ. ಸೊಟ್ಟಾದರೂ ಸಂದಿ ಕೂಡುವುದಿಲ್ಲ.

ವೂಫರ್ ರಂಧ್ರಕ್ಕೆ 'ಆರೂವರೆ ಇಂಚು' ನಂಬಬೇಡಿ, ಅದು ಹೊರ ಚೌಕಟ್ಟಿನ ಅಳತೆ ಇರಬಹುದು. ಚೌಕಟ್ಟಿನ ಹಿಂಭಾಗದ ಬುಟ್ಟಿ ಅಳೆದು 2 ಮಿ.ಮೀ. ಸೇರಿಸಿ. ರಂಧ್ರದ ಒಳ ಅಂಚನ್ನು ಓರೆಯಾಗಿ ಕೆತ್ತಿ, ಇಲ್ಲದಿದ್ದರೆ ಕೋನ್‌ನ ಹಿಂದೆ ಗಾಳಿ ಕೊಳವೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ, ಅಂದರೆ ಸುಮಾರು 170 ಗ್ರಾಂ, ಬಿಡಿಬಿಡಿಯಾಗಿ ತುಂಬಿ.

ಪ್ರಶ್ನೆ: 20 ಲೀಟರ್ ಬಾಕ್ಸ್‌ಗೆ ಒಳ ವ್ಯಾಸ 3 ಸೆಂ.ಮೀ. ಇರುವ ಪಿವಿಸಿ ಪೈಪಿನ ತುಂಡನ್ನು ಪೋರ್ಟ್ (ಗಾಳಿ ಒಳಗೆ ಹೊರಗೆ ಆಡುವ ಕೊಳವೆ) ಮಾಡಿದ್ದೇನೆ. ಜೋರಾಗಿ ಹಾಕಿದರೆ ಬೇಸ್ ಬದಲು ಫುಸ್ ಫುಸ್ ಎಂದು ಗಾಳಿ ಹೊಡೆಯುತ್ತದೆ. (ದಾವಣಗೆರೆ)

ಪೈಪು ಚಿಕ್ಕದಾಯಿತು. ಸೂತ್ರ ಇದು: ಒಳ ವ್ಯಾಸದ (ಸೆಂ.ಮೀ.) ವರ್ಗವನ್ನು 23562ರಿಂದ ಗುಣಿಸಿ. ಟ್ಯೂನ್ ಆಗಬೇಕಾದ ಆವರ್ತನದ ವರ್ಗವನ್ನು ಲೀಟರ್‌ನಿಂದ ಗುಣಿಸಿ, ಅದರಿಂದ ಭಾಗಿಸಿ. ಬಂದದ್ದರಲ್ಲಿ ವ್ಯಾಸದ 0.73 ಪಟ್ಟು ಕಳೆಯಿರಿ. 20 ಲೀಟರ್, 45 ಹರ್ಟ್ಜ್‌ಗೆ 3 ಸೆಂ.ಮೀ. ಪೈಪಾದರೆ ಉದ್ದ ಬರೀ 3 ಸೆಂ.ಮೀ., 5 ಸೆಂ.ಮೀ. ಪೈಪಾದರೆ 10.9, ಏಳೂವರೆ ಸೆಂ.ಮೀ. ಆದರೆ 27. ಅಷ್ಟೇ ಗಾಳಿ 3 ಸೆಂ.ಮೀ. ಪೈಪಿನಲ್ಲಿ 5ರದ್ದರ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾದ ಬಾಯಲ್ಲೇ ನುಗ್ಗಬೇಕು. ವೇಗ ಹೆಚ್ಚು ಕಡಿಮೆ ಮೂರು ಪಟ್ಟಾಗುತ್ತದೆ, ಆ ಸದ್ದೇ ನಿಮ್ಮ ಫುಸ್ ಫುಸ್.

5 ಸೆಂ.ಮೀ. ಹಾಕಿ. ಪಿವಿಸಿ ಪೈಪನ್ನು ಹೊರ ವ್ಯಾಸದ ಲೆಕ್ಕದಲ್ಲಿ ಮಾರುತ್ತಾರೆ, ಹಾಗಾಗಿ ಒಳಗೆ ಅಳೆದೇ ತನ್ನಿ. ಒಳತುದಿಗೂ ಹಿಂಬದಿ ಹಲಗೆಗೂ ಕನಿಷ್ಠ 5 ಸೆಂ.ಮೀ. ಅಂತರ ಇರಲಿ, ಎರಡೂ ಬಾಯಿಯ ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ದುಂಡಗೆ ಮಾಡಿ. ಎರಡು ಸೆಂ.ಮೀ. ಉದ್ದವಾಗಿಯೇ ಕತ್ತರಿಸಿ, ಟೋನ್ ಕೊಟ್ಟು ಕೋನ್ ನೋಡಿ. ಕೋನ್ ಅತಿ ಕಡಿಮೆ ಅಲುಗುವ ಆವರ್ತನವೇ ಬಾಕ್ಸ್ ಟ್ಯೂನ್ ಆದ ಜಾಗ. ಅದು 45 ಮುಟ್ಟುವ ತನಕ ಸ್ವಲ್ಪ ಸ್ವಲ್ಪ ಕೊಯ್ಯುತ್ತಾ ಬನ್ನಿ. ಟ್ಯೂನ್ ಆದ ಆವರ್ತನಕ್ಕಿಂತ ಕೆಳಗೆ ಗಾಳಿಯ ಹಿಡಿತ ತಪ್ಪಿ ಕೋನ್ ಪಟಪಟ ಹೊಡೆದುಕೊಳ್ಳುತ್ತದೆ, ಅಲ್ಲಿ ವಾಲ್ಯೂಮ್ ಏರಿಸಿದರೆ ಕಾಯಿಲ್ ಹಾಳು.

ಪ್ರಶ್ನೆ: ಎಂಡಿಎಫ್‌ನಲ್ಲಿ ಮಾಡಿದ ಬಾಕ್ಸ್ ಮಳೆಗಾಲ ಕಳೆಯುವಷ್ಟರಲ್ಲಿ ಬುಡದಲ್ಲಿ ಉಬ್ಬಿ ಸಂದಿ ಬಿಟ್ಟಿತು. ಕರಾವಳಿಗೆ ಯಾವ ಹಲಗೆ? (ಕುಂದಾಪುರ)

ಐಎಸ್ 710 ಎಂದು ಮುದ್ರೆ ಇರುವ ಮರೀನ್ ಪ್ಲೈವುಡ್. ಐಎಸ್ 303ರ ಬಿಡಬ್ಲ್ಯುಆರ್ (ಕುದಿಯುವ ನೀರು ತಾಳುವ) ದರ್ಜೆಯೂ ನಡೆಯುತ್ತದೆ, ಎಂಆರ್ (ತೇವ ಮಾತ್ರ ತಾಳುವ) ದರ್ಜೆ ಬೇಡ. ಎಂಡಿಎಫ್ ಸದ್ದಿನ ದೃಷ್ಟಿಯಿಂದ ಒಳ್ಳೆಯ ಹಲಗೆಯೇ, ಆದರೆ ಕೊಯ್ದ ಅಂಚು ನೀರನ್ನು ಸ್ಪಂಜಿನಂತೆ ಹೀರುತ್ತದೆ, ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಪ್ಲೈನಲ್ಲಿ ಬೇರೆ ತೊಂದರೆ ಇದೆ: ಒಳಪದರದಲ್ಲಿ ಪೊಳ್ಳು. ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಸದ್ದು ಬದಲಾದ ಕಡೆ ಪೊಳ್ಳು ಇರುತ್ತದೆ. ವೂಫರ್ ರಂಧ್ರ ಕೊಯ್ದಾಗ ಅಂಚಿನಲ್ಲಿ ಸಂದು ಕಂಡರೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಗಿಡಿಯಿರಿ, ಇಲ್ಲದಿದ್ದರೆ ಅಲ್ಲೇ ಝರ್ ಎನ್ನುತ್ತದೆ. ಅಂಟು ನೀರು ತಡೆಯುವ ಮರೀನ್ ಬಗೆಯದಿರಲಿ. ಬುಡಕ್ಕೆ ರಬ್ಬರ್ ಕಾಲು ಹಾಕಿ ನೆಲದಿಂದ ಎತ್ತಿಡಿ. ಕೋನ್‌ನ ಸುತ್ತಂಚು ಫೋಮ್‌ನದ್ದಾದರೆ ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ನಿಮ್ಮ ಕಡೆಗೆ ರಬ್ಬರ್ ಅಂಚಿನ ವೂಫರೇ ಸರಿ.

ಸಂದಿ ಮುಚ್ಚಲು ಹುಳಿ ವಾಸನೆ ಬರುವ ಸಿಲಿಕಾನ್ ಬಳಸಬೇಡಿ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರದ ತಂತಿಯನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದು ಸಿಗುತ್ತದೆ. ಅದನ್ನು ಹಚ್ಚಿ ಒಂದು ದಿನ ಒಣಗಿದ ಮೇಲೆ ವೂಫರ್ ಕೂರಿಸಿ. ಸೋರಿಕೆ ಹುಡುಕಲು ಊದುಬತ್ತಿ ಸಾಕು. 40 ಹರ್ಟ್ಜ್ ಟೋನ್ ಹಾಕಿ ಸಂದಿಗಳ ಹತ್ತಿರ, ಮುಖ್ಯವಾಗಿ ಹಿಂದಿನ ಟರ್ಮಿನಲ್ ತಟ್ಟೆಯ ಸುತ್ತ ಹಿಡಿಯಿರಿ. ಹೊಗೆಯ ಎಳೆ ನಡುಗಿದರೆ ಅಲ್ಲಿ ತೂತಿದೆ.

ಪ್ರಶ್ನೆ: ಮೇಲುಸ್ವರ ನುಡಿಸುವ 8 ಓಮ್ ಟ್ವೀಟರ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನೇ ಹಾಕಿದ್ದೇನೆ. ಹಾಡು ಕಿವಿಗೆ ಚುಚ್ಚುತ್ತದೆ. (ಧಾರವಾಡ)

1,59,000ವನ್ನು ಓಮ್ ಮತ್ತು ಮೈಕ್ರೋಫ್ಯಾರಡ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಕ್ರಾಸ್‌ಓವರ್ ಆವರ್ತನ (ಟ್ವೀಟರ್ ಪಾಲಿನ ಸ್ವರ ಶುರುವಾಗುವ ಜಾಗ) ಸಿಗುತ್ತದೆ. ನಿಮ್ಮದು ಸುಮಾರು 2000 ಹರ್ಟ್ಜ್. ಒಂದೇ ಕೆಪಾಸಿಟರ್‌ನ ಇಳಿಜಾರು ನಿಧಾನ, ಆದ್ದರಿಂದ ಟ್ವೀಟರ್ ತಾಳಲಾರದ ಕೆಳಸ್ವರಗಳೂ ಒಳಗೆ ಹೋಗುತ್ತಿವೆ. 4.7 ಹಾಕಿ, 4200ಕ್ಕೆ ಏರುತ್ತದೆ. ಧ್ರುವ ಇರುವ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಬೇಡ, 100 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ತನ್ನಿ.

ಚುಚ್ಚುವುದಕ್ಕೆ ಇನ್ನೊಂದು ಕಾರಣ, ಟ್ವೀಟರ್ ವೂಫರ್‌ಗಿಂತ ಜೋರಿರುವುದು. 86 ಡೆಸಿಬೆಲ್ ವೂಫರ್ ಜೊತೆ 92ರ ಟ್ವೀಟರ್ ಇದ್ದರೆ 6 ಡೆಸಿಬೆಲ್ ತಗ್ಗಿಸಬೇಕು. ಕೆಪಾಸಿಟರ್ ಆದ ಮೇಲೆ 3.9 ಓಮ್ ಸರಣಿಯಲ್ಲಿ, 8.2 ಓಮ್ ಟ್ವೀಟರ್‌ಗೆ ಅಡ್ಡಲಾಗಿ ಹಾಕಿ, ಎರಡೂ 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್. ಒಟ್ಟು ಹೊರೆ 8 ಓಮ್ ಆಗಿಯೇ ಉಳಿಯುವುದರಿಂದ ಕೆಪಾಸಿಟರ್ ಲೆಕ್ಕ ಕೆಡುವುದಿಲ್ಲ. ರೆಸಿಸ್ಟರ್ ಬಿಸಿಯಾಗುತ್ತದೆ, ಹತ್ತಿಗೆ ತಾಗದಂತೆ ಕೂರಿಸಿ.

ಪ್ರಶ್ನೆ: ಎರಡೂ ಬಾಕ್ಸ್ ಒಟ್ಟಿಗೆ ಹಾಕಿದರೆ ಬೇಸ್ ಮಾಯ, ಒಂದೇ ಹಾಕಿದರೆ ಬರುತ್ತದೆ! (ಮಂಡ್ಯ)

ಒಂದರ ತಂತಿ ತಿರುಗಾಮುರುಗಾ ಆಗಿದೆ. ಆಂಪ್ಲಿಫೈಯರ್ ಬಿಚ್ಚಿ 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ವೂಫರ್‌ನ ಕೆಂಪು ತುದಿಗೆ ಕ್ಷಣ ಮಾತ್ರ ಮುಟ್ಟಿಸಿ, ಎರಡರ ಕೋನೂ ಹೊರಗೇ ಜಿಗಿಯಬೇಕು. ಟ್ವೀಟರ್‌ಗೆ ಈ ಪರೀಕ್ಷೆ ಮಾಡಬೇಡಿ.

ಪ್ರಶ್ನೆ: ಮಡಕೆಯ ಬಾಯಿಗೆ ವೂಫರ್ ಇಟ್ಟರೆ ಬೇಸ್ ಅದ್ಭುತವಾಗಿ ಬರುತ್ತದೆ ಎನ್ನುತ್ತಾರೆ. ನಿಜವೇ? (ಗದಗ)

ಬೇಸ್ ಬರುವುದು ನಿಜ. ಬರೀ ವೂಫರ್‌ನಲ್ಲಿ ಕೋನ್‌ನ ಮುಂದಿನ ಅಲೆಯೂ ಹಿಂದಿನ ಅಲೆಯೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನದನ್ನು ಯಾವುದರಲ್ಲಿ ಕೂಡಿಹಾಕಿದರೂ ಬೇಸ್ ಏರುತ್ತದೆ. ಬಾಯಿಗೂ ವೂಫರ್‌ಗೂ ನಡುವೆ ಸಂದು ಬಿಟ್ಟರೆ ಅದೇ ಪೋರ್ಟ್‌ನಂತಾಗಿ ಮಡಕೆ ತನ್ನದೇ ಒಂದು ಸ್ವರದಲ್ಲಿ ಮೊಳಗುತ್ತದೆ. ಘಟಂ ವಾದಕರು ಬಾಯಿಯನ್ನು ಹೊಟ್ಟೆಗೆ ಒತ್ತಿ ನಾದ ಬದಲಿಸುವುದೂ ಇದೇ ತತ್ವದಿಂದ. ಕೇಳುವಾಗ ಎಲ್ಲ ಹಾಡಿಗೂ ಒಂದೇ ದುಮ್ ಸೇರಿಕೊಳ್ಳುತ್ತದೆ, ಅದ್ಭುತ ಅನ್ನುವುದು ಅದನ್ನೇ.

ಸಂದು ಪೂರ್ತಿ ಮುಚ್ಚಿ ಮಾಡಿದರೆ ಮಾತ್ರ ಮಡಕೆ ನಿಜಕ್ಕೂ ಒಳ್ಳೆಯ ಬಾಕ್ಸ್: ದುಂಡು ಗೋಡೆ ಬಿಗಿಯಾಗಿರುತ್ತದೆ, ಎದುರುಬದುರು ಚಪ್ಪಟೆ ಗೋಡೆಗಳಿಲ್ಲ. ಲೀಟರ್ ಪಾತ್ರೆಯಲ್ಲಿ ನೀರು ಸುರಿದು ಗಾತ್ರ ಅಳೆಯಿರಿ, ಹಾಸನದವರಿಗೆ ಹೇಳಿದ ಲೆಕ್ಕಕ್ಕೆ ಹೊಂದುವ ಮಡಕೆ ಆರಿಸಿ, ಚೆನ್ನಾಗಿ ಒಣಗಿಸಿ. ಮಣ್ಣಿನ ಸಣ್ಣ ರಂಧ್ರಗಳಿಂದ ಗಾಳಿ ನುಸುಳದಂತೆ ಒಳಗೆ ಎರಡು ಕೈ ಪೇಂಟ್ ಹಾಕಿ. ಬಾಯಿಯ ಅಂಚು ಎಂದೂ ಸಮ ಇರುವುದಿಲ್ಲ. 18 ಮಿ.ಮೀ. ಪ್ಲೈನ ಬಳೆ ಕೊಯ್ದು ಎಂ-ಸೀಲ್‌ನಲ್ಲಿ ಕೂರಿಸಿ, ವೂಫರನ್ನು ಆ ಬಳೆಗೆ ಸ್ಕ್ರೂ ಮಾಡಿ. ತಂತಿಗೂ ಬಳೆಯಲ್ಲೇ ತೂತು ಮಾಡುವುದು ಕ್ಷೇಮ. ಮಡಕೆಗೇ ಮಾಡಲೇಬೇಕೆಂದರೆ ಟೈಲ್ಸ್ ಬಿಟ್ ಹಾಕಿ, ಹ್ಯಾಮರ್ ಆಫ್ ಮಾಡಿ, ನಿಧಾನ ವೇಗದಲ್ಲಿ ಕೊರೆಯಿರಿ.