14ರ ಹುಡುಗನಿಗೆ ದೊಡ್ಡವರ ಬ್ಯಾಚು

ಮಗನಿಗೆ 14 ವರ್ಷ, ತೂಕ 46 ಕಿಲೋ, ಮಕ್ಕಳ ಜುಜುತ್ಸು ತರಗತಿಯಲ್ಲಿ ಸರಿಜೋಡಿ ಸಿಗುತ್ತಿಲ್ಲ, ದೊಡ್ಡವರ ಬ್ಯಾಚಿಗೆ ಬರಲಿ ಎಂದು ಶಿಕ್ಷಕರು ಹೇಳುತ್ತಿದ್ದಾರೆ, ಕಳಿಸಬಹುದೇ ಎಂದು ಕೇಳಿದ್ದೀರಿ.

ಸಂಪಾದಕರ ಉತ್ತರ: ಕಳಿಸಬಹುದು, ಅವನ ಜೋಡಿ ಯಾರೆಂದು ಶಿಕ್ಷಕರೇ ನಿರ್ಧರಿಸುವುದಾದರೆ. "ಜೋಡಿ ಮಾಡಿಕೊಳ್ಳಿ" ಎಂದು ಹೇಳಿ ಅವರು ಮೂಲೆ ಸೇರುವ ತರಗತಿಯಾದರೆ ಇನ್ನೆರಡು ವರ್ಷ ಕಾಯುವುದೇ ಲೇಸು. ಸೇರಿಸುವ ಮುನ್ನ ಒಂದು ತರಗತಿ ಪೂರ್ತಿ ಕೂತು ನೋಡಿ.

ಜೋಡಿಗೆ ತೂಕ ಒಂದನ್ನೇ ನೋಡಿದರೆ ಸಾಲದು. 75 ಕಿಲೋದ ನುರಿತ ಪರ್ಪಲ್ ಬೆಲ್ಟ್‌ಗಿಂತ 55 ಕಿಲೋದ ಹೊಸ ವೈಟ್ ಬೆಲ್ಟ್ ಹೆಚ್ಚು ಅಪಾಯ. ಹಳಬ ತನ್ನ ಭಾರವನ್ನು ಕೈ, ಮಂಡಿಗಳ ಮೇಲೆ ತಾನೇ ಹೊತ್ತುಕೊಳ್ಳುತ್ತಾನೆ. ಹೊಸಬ ಗಾಬರಿಯಲ್ಲಿ ಮೈ ಬಿಗಿದು ಎಲ್ಲೆಂದರಲ್ಲಿ ಬೀಳುತ್ತಾನೆ.

ಇನ್ನು ಮೂಳೆಯ ಮಾತು. ಉದ್ದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆ ಫಲಕಗಳು ಸಾಮಾನ್ಯವಾಗಿ ಹುಡುಗಿಯರಲ್ಲಿ 14–15, ಹುಡುಗರಲ್ಲಿ 16–17ರ ಸುಮಾರಿಗೆ ಮುಚ್ಚುತ್ತವೆ. ಅಲ್ಲಿಯವರೆಗೆ ಅವು ಮೂಳೆಗೆ ಮೂಳೆ ಬಿಗಿಯುವ ಅಸ್ಥಿರಜ್ಜುಗಳಿಗಿಂತಲೂ ದುರ್ಬಲ. ದೊಡ್ಡವರಿಗೆ ಉಳುಕಾಗಿ ಮುಗಿಯುವ ತಿರುಚು ಇವನಿಗೆ ಫಲಕದ ಬಿರುಕಾಗಬಹುದು. ಮಣಿಕಟ್ಟು, ಮೊಣಕೈ ಅಥವಾ ಕಣಕಾಲಿನ ಮೂಳೆಯನ್ನು ಒತ್ತಿದಾಗ ನೋಯುತ್ತಿದ್ದರೆ, ಊತ ಕಡಿಮೆಯಿದ್ದರೂ ಎಕ್ಸ್‌-ರೇ ಮಾಡಿಸಿ. ಸರಸರನೆ ಎತ್ತರ ಬೆಳೆಯುವ ತಿಂಗಳುಗಳಲ್ಲಿ ಮಂಡಿಚಿಪ್ಪಿನ ಕೆಳಗಿನ ಉಬ್ಬು ನೋಯುವುದುಂಟು. ಆಗ ಮಂಡಿಯೂರಿ ಎಸೆಯುವ ಡ್ರಾಪ್ ಸೆಯೊಯಿ ನಾಗೆ ಬೇಡ, ನಿಂತು ಎಸೆಯುವ ಪಟ್ಟುಗಳನ್ನೇ ಕಲಿಯಲಿ.

ಜೊತೆಗಾರರು ಆರ್ಮ್‌ಬಾರ್, ಅಂದರೆ ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಲಾಕ್, ಹಾಕುವ ಬಗೆ ಗಮನಿಸಿ. ಹುಡುಗನ ತೋಳನ್ನು ಎದೆಗೆ ಅವಚಿ, ಅವನ ಹೆಬ್ಬೆರಳು ಮೇಲ್ಮುಖ ಮಾಡಿ, ತಮ್ಮ ಮಂಡಿಗಳನ್ನು ಜೋಡಿಸಿ, ಅಲ್ಲೊಮ್ಮೆ ನಿಲ್ಲಬೇಕು. ಸೊಂಟ ಮೇಲೇಳುವುದು ಆಮೇಲೆ, ಅದೂ ನಿಧಾನವಾಗಿ. ಎಲ್ಲವೂ ಒಂದೇ ಎಳೆತಕ್ಕೆ ಆಗಿಬಿಟ್ಟರೆ, ಸೋತೆ ಬಿಡು ಎಂದು ಕೈಯಿಂದ ತಟ್ಟಲು ಸಮಯವೇ ಸಿಗುವುದಿಲ್ಲ. ಸಾಲದ್ದಕ್ಕೆ, ದೊಡ್ಡವರೆದುರು ಬೇಗ ತಟ್ಟಲು ಈ ವಯಸ್ಸಿಗೆ ನಾಚಿಕೆ ಬೇರೆ! ಲಾಕ್ ಕೂತ ಮೇಲೆ, ಅವನು ತಟ್ಟದಿದ್ದರೂ ಬಿಡುವುದು ದೊಡ್ಡವರ ಹೊಣೆ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಅಂತೂ ಬೇಡವೇ ಬೇಡ. ಅದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಅಸ್ಥಿರಜ್ಜು ಹರಿದಿರಬಹುದು. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜುಜುತ್ಸು ಫೆಡರೇಶನ್ ಕೂಡ ಅದನ್ನು ನೋ-ಗಿ (ಗಿ ಎಂಬ ದಪ್ಪ ಸಮವಸ್ತ್ರ ತೊಡದ) ಪಂದ್ಯಗಳಲ್ಲಿ ವಯಸ್ಕ ಬ್ರೌನ್, ಬ್ಲ್ಯಾಕ್ ಬೆಲ್ಟ್‌ನವರಿಗಷ್ಟೇ ಬಿಟ್ಟಿದೆ. ದೊಡ್ಡವರಲ್ಲಿ ವೈಟ್ ಆದಮೇಲೆ ಬರುವ ನೀಲಿ ಬೆಲ್ಟಿಗೇ ಅವರು ಇಟ್ಟಿರುವ ಕನಿಷ್ಠ ವಯಸ್ಸು 16.

ಮೊದಲ ಎರಡು ತಿಂಗಳು ಬೀಳುವ ಅಭ್ಯಾಸ, ಡ್ರಿಲ್, ಒಂದೇ ಸ್ಥಿತಿಯಿಂದ ಶುರುವಾಗುವ ಸಣ್ಣ ಸುತ್ತುಗಳು ಸಾಕು. ಆಮೇಲೆ ಶಿಕ್ಷಕರು ಹೆಸರಿಸಿದ ಇಬ್ಬರು ಮೂವರ ಜೊತೆ ಮಾತ್ರ, ದಿನಕ್ಕೆ 3–4 ನಿಮಿಷದ ಎರಡು ಸ್ಪಾರಿಂಗ್ (ಪಂದ್ಯದಂತೆ ಸೆಣಸುವ ಅಭ್ಯಾಸ) ಸುತ್ತು. ಎದುರಾಳಿ ಬೇಡವೆನಿಸಿದರೆ ಕಾರಣ ಹೇಳದೆ ನಿರಾಕರಿಸುವ ಹಕ್ಕು ಅವನಿಗಿರಲಿ, ಅದನ್ನು ಶಿಕ್ಷಕರು ಎಲ್ಲರೆದುರು ಹೇಳಲಿ. ಪಂದ್ಯಕ್ಕೆಂದು ತೂಕ ಇಳಿಸು ಎನ್ನುವವರ ಮಾತಿಗೆ ಮಾತ್ರ ಖಂಡಿತ ಒಪ್ಪಬೇಡಿ. ತಲೆಗೆ ಏಟು ಬಿದ್ದು ತಲೆನೋವು, ಮಂಪರು ಕಂಡರೆ ಅಂದು ಮತ್ತೆ ಮ್ಯಾಟ್ ಹತ್ತುವಂತಿಲ್ಲ. ವೈದ್ಯರು ಒಪ್ಪಿದ ಮೇಲೆಯೇ ವಾಪಸ್.

ದೊಡ್ಡವರ ಜೊತೆ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸುವುದು ಬೇಡ, ಮನೆಯಿಂದಲೇ ಗಿ ತೊಟ್ಟು ಹೋಗಲಿ. ಬಾಗಿಲು ಮುಚ್ಚಿ ಒಬ್ಬನಿಗೇ ಪಾಠ ಹೇಳುವುದಕ್ಕೂ, ಪೋಷಕರು ಕೂತು ನೋಡಬಾರದೆಂಬ ನಿಯಮಕ್ಕೂ ಒಪ್ಪಬೇಡಿ.