ನಿಮ್ಮ ಲೇಖನ ಹನ್ನೊಂದನೆಯ ಪುಟದಿಂದ ಶುರುವಾಗಲಿ

ಪ್ರಿಯ ಲೇಖಕರಿಗೆ,

ಕ್ಷೀರಪಥದಲ್ಲಿ ಇದುವರೆಗೆ ಗುರುತಿಸಿರುವ ಅತಿ ಕಿರಿಯ ಸೂಪರ್‌ನೋವಾ ಅವಶೇಷವಾದ, ಅಂದರೆ ಸಿಡಿದ ನಕ್ಷತ್ರದ ಹಿಗ್ಗುತ್ತಿರುವ ಚೂರುಗಳ ಮೋಡವಾದ, ಜಿ1.9+0.3 ಕುರಿತು ನೀವು ಕಳುಹಿಸಿದ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಹಾಗೆಂದು ಕೈಬಿಡಲೂ ಮನಸ್ಸಿಲ್ಲ, ಏಕೆಂದರೆ ಹನ್ನೊಂದನೆಯ ಪುಟದಲ್ಲಿ ನೀವು ಮೂರೇ ಸಾಲಿಗೆ ಮುಗಿಸಿದ ಪ್ರಸಂಗವೇ ಈ ವಿಷಯದ ಜೀವಾಳ.

ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇ ರೇಡಿಯೋ ದೂರದರ್ಶಕ 1985ರಲ್ಲಿ ಉಂಗುರದಂತೆ ಕಾಣುವ ಈ ಅವಶೇಷದ ಚಿತ್ರ ತೆಗೆದಿತ್ತು. 2007ರಲ್ಲಿ ಚಂದ್ರ ಎಕ್ಸ್-ಕಿರಣ ದೂರದರ್ಶಕ ತೆಗೆದ ಚಿತ್ರದಲ್ಲಿ ಅದೇ ಉಂಗುರ ಸುಮಾರು ಶೇ. 16ರಷ್ಟು ದೊಡ್ಡದಾಗಿ ಕಂಡಿತು. ಉಂಗುರ ನಿಜವಾಗಿಯೂ ಹಿಗ್ಗಿತೋ, ಇಲ್ಲವೇ ಎಕ್ಸ್-ಕಿರಣದಲ್ಲಿ ಅದು ಕಾಣುವುದೇ ಹಾಗೋ? ಈ ಅನುಮಾನವನ್ನು ನೀವು ಎತ್ತಿಯೇ ಇಲ್ಲ. ಖಗೋಳವಿಜ್ಞಾನಿ ಡೇವಿಡ್ ಗ್ರೀನ್ ಮತ್ತು ಸಂಗಡಿಗರು 2008ರಲ್ಲಿ ಅದೇ ರೇಡಿಯೋ ದೂರದರ್ಶಕವನ್ನು ಮತ್ತೊಮ್ಮೆ ಅತ್ತ ತಿರುಗಿಸಿದ್ದು, ರೇಡಿಯೋ ಚಿತ್ರವನ್ನು ರೇಡಿಯೋ ಚಿತ್ರದೊಡನೆಯೇ ಹೋಲಿಸಿ ಈ ಅನುಮಾನ ಕಳೆಯುವುದಕ್ಕೆ. ಹಿಗ್ಗಿದ್ದು ಖಚಿತವಾಯಿತು. ಇಪ್ಪತ್ತೆರಡು ವರ್ಷಕ್ಕೆ ಇಷ್ಟು ಬೆಳೆದದ್ದು ಸೊನ್ನೆಯಿಂದ ಈ ಗಾತ್ರಕ್ಕೆ ಬರಲು ಎಷ್ಟು ವರ್ಷ ಬೇಕೆಂಬುದು ನಮ್ಮ ಶಾಲೆಯ ತ್ರೈರಾಶಿ ಲೆಕ್ಕ: ಸುಮಾರು ಒಂದೂವರೆ ಶತಮಾನ. ಸ್ಫೋಟದ ಚೂರುಗಳು ಮೊದಲು ಇನ್ನೂ ವೇಗವಾಗಿ ಧಾವಿಸಿರಬೇಕಾದ್ದರಿಂದ ನಿಜವಾದ ವಯಸ್ಸು ಅದಕ್ಕಿಂತಲೂ ಕಡಿಮೆಯೇ. ಓದುಗರು ಪೆನ್ಸಿಲ್ ಹಿಡಿದು ತಾವೇ ಹಾಕಬಹುದಾದ ಇಂಥ ಲೆಕ್ಕ ಖಗೋಳವಿಜ್ಞಾನದಲ್ಲಿ ಅಪರೂಪ. ನೀವೋ ಉತ್ತರವನ್ನಷ್ಟೇ ಹೇಳಿ ಮುಂದೆ ಹೋಗಿದ್ದೀರಿ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ‘ನೂರೈವತ್ತು ವರ್ಷದ ಹಿಂದೆ ನಕ್ಷತ್ರ ಸಿಡಿಯಿತು’ ಎಂದು ಬರೆದಿದ್ದೀರಿ. ಅದು ಇರುವುದು 25,000 ಜ್ಯೋತಿರ್ವರ್ಷಕ್ಕೂ ದೂರದಲ್ಲಿ, ಕ್ಷೀರಪಥದ ಕೇಂದ್ರದ ಬಳಿ. ಆದ್ದರಿಂದ ಆ ವಯಸ್ಸು ನಮಗೆ ಈಗ ಕಾಣುತ್ತಿರುವ ಅವಶೇಷದ್ದು, ಸ್ಫೋಟ ನಡೆದದ್ದು ಸಾವಿರಾರು ವರ್ಷಗಳ ಹಿಂದೆ. ಇನ್ನು ‘ಸ್ಫೋಟದ ಸದ್ದನ್ನು ರೇಡಿಯೋ ದೂರದರ್ಶಕ ಆಲಿಸುತ್ತದೆ’ ಎಂಬ ಮಾತು ಕಿವಿಗೆ ಇಂಪಾದರೂ ಸುಳ್ಳು. ಹೆಚ್ಚುಕಡಿಮೆ ಬೆಳಕಿನ ವೇಗದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವಾಗ ಹೊಮ್ಮುವ ರೇಡಿಯೋ ಅಲೆಗಳು ಬೆಳಕಿನ ಬಳಗದವು, ಸದ್ದಿನವಲ್ಲ. ನಡುವಿನ ದಟ್ಟ ಧೂಳು ಕಣ್ಣಿಗೆ ಕಾಣುವ ಬೆಳಕನ್ನು ತಡೆದದ್ದರಿಂದಲೇ ಆ ಸ್ಫೋಟ ಭೂಮಿಯ ಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ರೇಡಿಯೋ ಅಲೆಗಳಿಗೆ ಆ ಧೂಳು ಅಡ್ಡಿಯಾಗಲಿಲ್ಲ.

ಆಸ್ಟ್ರೇಲಿಯಾದ ಮೊಲೊಂಗ್ಲೊ ದೂರದರ್ಶಕದ ಇಪ್ಪತ್ತು ವರ್ಷಗಳ ದಾಖಲೆಯನ್ನು ನೀವು ಮುಟ್ಟಿಯೇ ಇಲ್ಲ. ಇನ್ನೊಂದು ಸೂಪರ್‌ನೋವಾ ಅವಶೇಷವಾದ ಕ್ಯಾಸಿಯೋಪಿಯಾ-ಎ ಮಂಕಾಗುತ್ತಿದ್ದರೆ, ಈ ಅವಶೇಷ ರೇಡಿಯೋದಲ್ಲಿ ವರ್ಷಕ್ಕೆ ಸುಮಾರು ಶೇ. 1.2ರಷ್ಟು ಪ್ರಖರವಾಗುತ್ತಿರುವುದನ್ನು ಅದು ತೋರಿಸಿತು. ಇದಕ್ಕೊಂದು ಪುಟ ಕೊಡಿ.

ಜಾಗಕ್ಕಾಗಿ, ‘ಅನಂತ ಬ್ರಹ್ಮಾಂಡದ ವಿಸ್ಮಯ’ದ ಮೊದಲ ನಾಲ್ಕು ಪುಟಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ತಿದ್ದಿದ ಪ್ರತಿ ಈ ತಿಂಗಳೊಳಗೆ ಬಂದರೆ, 1985 ಮತ್ತು 2008ರ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಪಕ್ಕಪಕ್ಕ ಅಚ್ಚು ಹಾಕಲು ಅರ್ಧ ಪುಟ ಕಾದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ