‘ಗಟ್ಟಿಯಾಗಿರು’ ಅಂದರೆ ಏನು ಮಾಡಬೇಕು?

ಬದುಕು ಮಗ್ಗುಲು ಬದಲಿಸಿದಾಗ ಎದುರಾಗುವ ಪ್ರಶ್ನೆಗಳನ್ನು ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನನಗೆ 51 ವರ್ಷ. ಯಜಮಾನರು ಹೃದಯಾಘಾತದಿಂದ ತೀರಿಕೊಂಡು ಐದು ತಿಂಗಳಾಯಿತು. ಖಾಸಗಿ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಬ್ಯಾಂಕು, ತೋಟ, ಕೊಬ್ಬರಿ ವ್ಯಾಪಾರ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಬಂದವರೆಲ್ಲ ‘ಗಟ್ಟಿಯಾಗಿರು’ ಅನ್ನುತ್ತಾರೆ. ಮೊಮ್ಮಗಳ ಜೊತೆ ನಕ್ಕರೆ ಆಮೇಲೆ ತಪ್ಪು ಮಾಡಿದ ಹಾಗಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮನೆ ಮಾರಿ ಬೆಂಗಳೂರಿಗೆ ಬಾ ಎಂದು ಮಗ ಕರೆಯುತ್ತಿದ್ದಾನೆ.
— ಹೆಸರು ಬೇಡ, ತಿಪಟೂರು

ಉತ್ತರ: ನಕ್ಕಿದ್ದು ತಪ್ಪಲ್ಲ. ದುಃಖ ಇರುವುದೇ ಹೀಗೆ. ಒಮ್ಮೆ ಹೋದವರ ಕಡೆಗೆ, ಒಮ್ಮೆ ಮುಂದಿನ ದಿನಗಳ ಕಡೆಗೆ ಮನಸ್ಸು ಜೋಕಾಲಿಯಂತೆ ತೂಗುತ್ತದೆ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಮನಃಶಾಸ್ತ್ರಜ್ಞರು 1999ರಲ್ಲಿ ಇದನ್ನೇ ವಿವರಿಸಿದರು. ಈ ಓಲಾಟವೇ ಚೇತರಿಕೆಯ ದಾರಿ ಎಂಬುದು ಅವರ ವಾದ. ಒಂದೇ ಕಡೆ ನಿಂತುಬಿಟ್ಟರೆ ತೊಂದರೆ. ದಿನವಿಡೀ ಅಳುವುದರಲ್ಲೇ ಮುಳುಗಬಹುದು, ಇಲ್ಲವೇ ಅಳುವಿಗೆ ಜಾಗವೇ ಇಲ್ಲದಂತೆ ಕೆಲಸದಲ್ಲಿ ಹೂತುಹೋಗಬಹುದು. ಜನ ಗಟ್ಟಿತನ ಎಂದು ಹೊಗಳುವುದು ಈ ಎರಡನೆಯದನ್ನು. ಆ ಹೊಗಳಿಕೆಗೆ ಸಿಕ್ಕಿಕೊಳ್ಳಬೇಡಿ.

ಈಗ ಕಾಗದಪತ್ರದ ಮಾತು. ಇದೂ ಚೇತರಿಕೆಯ ಭಾಗವೇ. ಇಷ್ಟು ವರ್ಷ ಅವರ ಕೈಯಲ್ಲಿದ್ದ ಕೆಲಸವನ್ನು ನೀವೇ ಒಂದೊಂದಾಗಿ ಮುಗಿಸುತ್ತ ಬಂದಾಗ ಕಾಲು ನೆಲಕ್ಕೆ ತಾಗಿದ ಧೈರ್ಯ ಬರುತ್ತದೆ. 200 ಪುಟದ ಒಂದು ನೋಟ್‌ಬುಕ್ ತನ್ನಿ. ಎಡಪುಟದಲ್ಲಿ ಆಗಬೇಕಾದ ಕೆಲಸ, ಬಲಪುಟದಲ್ಲಿ ಯಾರನ್ನು ಕಂಡಿರಿ, ಯಾವ ತಾರೀಕು, ಅರ್ಜಿಯ ಸಂಖ್ಯೆ ಏನು ಎಂದು ಬರೆಯಿರಿ. ವಾರಕ್ಕೆ ಒಂದೇ ಕಚೇರಿ ಸಾಕು. ದುಃಖದಲ್ಲಿ ಮರೆವು ಸಹಜ, ಅದನ್ನು ಈ ಪುಸ್ತಕ ಹೊರಲಿ.

ಮರಣ ಪ್ರಮಾಣಪತ್ರದ ಎಂಟು-ಹತ್ತು ಪ್ರತಿ ಇಟ್ಟುಕೊಳ್ಳಿ. ಅದರಲ್ಲಿನ ಹೆಸರನ್ನು ಆಧಾರ್, ಪಾಸ್‌ಬುಕ್ಕು, ಪಿಎಫ್ ದಾಖಲೆ ಮೂರರ ಜೊತೆಗೂ ಅಕ್ಷರ ಬಿಡದೆ ಹೋಲಿಸಿ. ಇನಿಷಿಯಲ್ ಮುಂದೆ-ಹಿಂದೆ ಆಗಿದ್ದರೂ ಅರ್ಜಿ ವಾಪಸ್ ಬರಬಹುದು. ಅವರು ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರಿಂದ ಪಿಎಫ್ ಕಚೇರಿಯಿಂದ ಮೂರು ಬಾಬ್ತು ಕೇಳಬೇಕು: ಕೂಡಿದ ಪಿಎಫ್ ಹಣ, ವಿಧವಾ ಪಿಂಚಣಿ ಮತ್ತು ಇಡಿಎಲ್‌ಐ ವಿಮೆ (ಪಿಎಫ್ ಜೊತೆಗೇ ಇರುವ ಜೀವವಿಮೆ). ಮೊದಲ ಎರಡನ್ನು ಪಡೆದು ಮೂರನೆಯದನ್ನು ಬಿಟ್ಟವರು ಎಷ್ಟೋ ಜನ. ಆ ವಿಮೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ಬರುತ್ತದೆ. ಮೂರಕ್ಕೂ ಒಂದೇ ಸಂಯುಕ್ತ ಫಾರಂ ಇದೆ, ಕಾರ್ಖಾನೆಯವರ ಸಹಿ ಹಾಕಿಸಿ.

ತೋಟದ ಪಹಣಿ ಅವರ ಹೆಸರಲ್ಲಿದ್ದರೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಿ. ‘ಸುಮ್ಮನೆ ಒಂದು ಸಹಿ’ ಎಂದು ಯಾರಾದರೂ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ ಈ ವರ್ಷ ಹಾಕಬೇಡಿ, ಕೇಳುವವರು ಒಡಹುಟ್ಟಿದವರೇ ಆಗಿರಲಿ.

ಅವರ ಮೊಬೈಲಿಗೆ ರೀಚಾರ್ಜ್ ಮಾಡಿಸುತ್ತಾ ಇರಿ. ಬ್ಯಾಂಕು, ವಿಮೆ, ಗ್ಯಾಸು ಎಲ್ಲದರ ಸಂದೇಶ ಬರುವುದು ಆ ನಂಬರಿಗೇ. ಆದರೆ ಎಟಿಎಂ ಪಿನ್ ಗೊತ್ತಿದೆ ಎಂದು ಅವರ ಖಾತೆಯಿಂದ ಹಣ ತೆಗೆಯಬೇಡಿ, ಮುಂದೆ ಅದೇ ತಕರಾರಿಗೆ ದಾರಿ. ನಾಮಿನಿ ನೀವಾಗಿದ್ದರೆ ಕ್ಲೇಮು ಫಾರಂ, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಾಖಲೆ ಸರಿಯಿದ್ದರೆ 15 ದಿನದೊಳಗೆ ಇತ್ಯರ್ಥವಾಗಬೇಕು.

ಮನೆ ಮಾರುವ ಮಾತನ್ನು ವರ್ಷದ ತಿಥಿ ಕಳೆಯುವವರೆಗೆ ತೆಗೆಯಬೇಡಿ. ಮಗನಿಗೆ ಇಲ್ಲವೆನ್ನುವ ಅಗತ್ಯವೂ ಇಲ್ಲ. ‘ಒಂದು ತಿಂಗಳು ಇದ್ದು ನೋಡುತ್ತೇನಪ್ಪ, ಬೀಗ ಹಾಕಿ ಬರುತ್ತೇನೆ’ ಎನ್ನಿ. ಅಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮನೆಯಲ್ಲಿ ನೀವೊಬ್ಬರೇ ಇರುತ್ತೀರಾ, ಅಕ್ಕಪಕ್ಕದಲ್ಲಿ ಮಾತಿಗೆ ಯಾರಿದ್ದಾರೆ ಎಂಬುದನ್ನು ಗಮನಿಸಿ.

ಮೂರು ಗಂಟೆಗೆ ಎಚ್ಚರವಾದರೆ ಗಡಿಯಾರ ನೋಡಬೇಡಿ. ಸುಮಾರು ಇಪ್ಪತ್ತು ನಿಮಿಷ ಹೊರಳಾಡಿದಿರಿ ಅನ್ನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂತುಕೊಳ್ಳಿ, ಕಣ್ಣು ಎಳೆದಾಗಲೇ ಹಾಸಿಗೆಗೆ ಹೋಗಿ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ, ಎರಡರ ಮೇಲೆ ಕಾಫಿ ಬೇಡ.

ಊಟ ಸೇರದೆ ಮೈ ಇಳಿಯುತ್ತಿದ್ದರೆ, ಸ್ನಾನ ಮಾಡಲೂ ಮನಸ್ಸಾಗದಿದ್ದರೆ, ‘ನಾನೂ ಹೋಗಿಬಿಡಬೇಕು’ ಎಂಬ ಯೋಚನೆ ಬಂದರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು-ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇರುತ್ತಾರೆ.

ಪ್ರಶ್ನೆ: ಪ್ರೌಢಶಾಲೆ ಶಿಕ್ಷಕನಾಗಿ 60ಕ್ಕೆ ನಿವೃತ್ತನಾದೆ. ಮೊದಲ ತಿಂಗಳು ಹಾಯಾಗಿತ್ತು. ಈಗ ಬೆಳಿಗ್ಗೆ ಒಂಬತ್ತೂವರೆ ಆದರೆ ಚಡಪಡಿಕೆ ಶುರು. ಅಡುಗೆಮನೆಗೆ ಹೋಗಿ ಏನಾದರೂ ಹೇಳುತ್ತೇನೆ, ಮನೆಯವಳಿಗೆ ಕಿರಿಕಿರಿ.
— ದಾವಣಗೆರೆ

ಉತ್ತರ: ನಿಮ್ಮಿಂದ ಹೋಗಿರುವುದು ಸಂಬಳವೊಂದೇ ಅಲ್ಲ. ದಿನವನ್ನು ಪಿರಿಯಡ್ಡುಗಳಾಗಿ ಕತ್ತರಿಸುತ್ತಿದ್ದ ಗಂಟೆ ಹೋಗಿದೆ, ‘ನಮಸ್ತೆ ಸರ್’ ಎನ್ನುವ ನೂರು ದನಿ ಹೋಗಿದೆ. ಮೊದಲ ತಿಂಗಳು ಅದು ಬೇಸಿಗೆ ರಜೆಯಂತೆ ಕಂಡಿತು, ಶಾಲೆ ಮತ್ತೆ ಶುರುವಾಗುವುದಿಲ್ಲ ಎಂಬುದು ಮನಸ್ಸಿಗೆ ಈಗ ತಿಳಿಯುತ್ತಿದೆ. ಚಡಪಡಿಕೆ ಅದರದು.

ಹತ್ತರಿಂದ ಹನ್ನೆರಡೂವರೆವರೆಗೆ ವಾರಕ್ಕೆ ಐದು ದಿನ ಮನೆಯಿಂದ ಹೊರಗಿರಿ. ಹತ್ತನೇ ತರಗತಿಯಲ್ಲಿ ಗಣಿತವೋ ಇಂಗ್ಲಿಷೋ ಹೋದ ಇಬ್ಬರು ಮಕ್ಕಳಿಗೆ ಗ್ರಂಥಾಲಯದಲ್ಲೋ ದೇವಸ್ಥಾನದ ಜಗಲಿಯಲ್ಲೋ ಪಾಠ ಮಾಡಿ. ಇಬ್ಬರೇ ಸಾಕು, ಇಪ್ಪತ್ತು ಮಕ್ಕಳನ್ನು ಸೇರಿಸಿಕೊಂಡರೆ ಅದು ಮತ್ತೆ ನೌಕರಿಯಾಗುತ್ತದೆ. ಮನೆಯಲ್ಲಿ ‘ಸಹಾಯ’ ಮಾಡಲು ಹೋಗಬೇಡಿ. ಒಂದು ಕೆಲಸವನ್ನು ಪೂರ್ತಿ ವಹಿಸಿಕೊಳ್ಳಿ, ಉದಾಹರಣೆಗೆ ಸಂಜೆಯ ಅಡುಗೆ. ಏನು ಮಾಡುವುದೆಂದು ತೀರ್ಮಾನಿಸುವುದರಿಂದ ಹಿಡಿದು ಒಲೆಯ ಕಟ್ಟೆ ಒರೆಸುವವರೆಗೆ ನಿಮ್ಮದೇ. ಮೂವತ್ತು ವರ್ಷದಿಂದ ಅಡುಗೆಮನೆ ಅವರ ಶಾಲೆ, ಅಲ್ಲಿ ಇನ್‌ಸ್ಪೆಕ್ಷನ್ ಬೇಡ.

ಬಂದ ಗ್ರಾಚ್ಯುಯಿಟಿ ಹಣವನ್ನು ಕನಿಷ್ಠ ಆರು ತಿಂಗಳು ಯಾರಿಗೂ ಕೈಸಾಲ ಕೊಡಬೇಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆಯ ರಕ್ಷಣೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ.

ಪ್ರಶ್ನೆ: ಧಾರವಾಡದಲ್ಲಿ ರೂಮು ಮಾಡಿಕೊಂಡು ನಾಲ್ಕು ವರ್ಷ ಸರ್ಕಾರಿ ಪರೀಕ್ಷೆಗಳಿಗೆ ಓದಿದೆ. ಆಗಲಿಲ್ಲ. ವಯಸ್ಸು 27. ಊರಿಗೆ ಹೋಗಲು ಮುಖವಿಲ್ಲ.
— ಬಾಗಲಕೋಟೆ ಜಿಲ್ಲೆ

ಉತ್ತರ: ಫಲಿತಾಂಶ ಬಂದ ವಾರ ಏನನ್ನೂ ತೀರ್ಮಾನಿಸಬೇಡಿ. ಎರಡು ವಾರ ಬಿಟ್ಟು ಒಂದು ಹಾಳೆಯಲ್ಲಿ ಪ್ರತಿ ಸಲದ ನಿಮ್ಮ ಅಂಕ, ಅದರ ಪಕ್ಕ ಕಟಾಫ್ ಬರೆಯಿರಿ. ಅಂತರ ಪ್ರತಿಸಲ ಕಡಿಮೆಯಾಗುತ್ತಿದ್ದರೆ ಇನ್ನೊಂದು ಸಲ ಬರೆಯಿರಿ, ಕೊನೆಯ ತಾರೀಕನ್ನು ಈಗಲೇ ಗೊತ್ತುಮಾಡಿಕೊಂಡು. ಇದ್ದಲ್ಲೇ ಇದ್ದರೆ ಬಿಡುವುದು ಸೋಲಲ್ಲ, ಲೆಕ್ಕ.

ಬಿಡುವುದಾದರೆ ಅಪ್ಪ-ಅವ್ವನಿಗೆ ಫೋನಿನಲ್ಲಿ ಮೊದಲ ಮಾತಿಗೇ ತೀರ್ಮಾನ ಹೇಳಿ, ಎರಡನೆಯದಾಗಿ ಮುಂದೇನು ಎಂದು ಹೇಳಿ. ಕಾರಣಗಳಿಂದ ಶುರುಮಾಡಿದರೆ ಅವರು ಸಮಾಧಾನ ಮಾಡಲು ತೊಡಗುತ್ತಾರೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಓಣಿಯವರಿಗೆ ಒಂದೇ ಮಾತು ಸಿದ್ಧವಿರಲಿ: ‘ಪರೀಕ್ಷೆ ಬಿಟ್ಟೀನ್ರಿ, ಕೆಲಸ ಹುಡುಕಾಕತ್ತೀನಿ.’ ಕೆಲಸದ ಅರ್ಜಿಯಲ್ಲಿ ಆ ನಾಲ್ಕು ವರ್ಷ ಖಾಲಿ ಬಿಡಬೇಡಿ. ಯಾವ ಪರೀಕ್ಷೆ, ಎಷ್ಟನೇ ಹಂತ ದಾಟಿದಿರಿ ಎಂದು ಬರೆಯಿರಿ. ಮೊದಲ ಕೆಲಸ ಮನಸ್ಸಿಗೆ ಒಪ್ಪದಿದ್ದರೂ ಆರು ತಿಂಗಳು ಮಾಡಿ, ತಿಂಗಳ ಸಂಬಳ ಕೈಗೆ ಬಂದಾಗ ಯೋಚನೆ ನಿಚ್ಚಳವಾಗುತ್ತದೆ. ಟಿಪ್ಪಣಿ ಪುಸ್ತಕಗಳನ್ನು ಸಿಟ್ಟಿನಲ್ಲಿ ರದ್ದಿಗೆ ಹಾಕಬೇಡಿ, ಪಕ್ಕದ ರೂಮಿನ ಕಿರಿಯರಿಗೆ ಬೇಕಾಗುತ್ತವೆ.

ಬದುಕೇ ಬೇಡ ಅನ್ನಿಸಿದರೆ ಮೇಲೆ ಹೇಳಿದ 14416 ನಿಮಗೂ ಇದೆ, ಆ ರಾತ್ರಿಯೇ ಕರೆ ಮಾಡಿ.

ಊರಿಗೆ ಹಬ್ಬ-ಜಾತ್ರೆಯ ದಿನ ಹೋಗಬೇಡಿ, ಮನೆ ತುಂಬ ಬೀಗರು-ಬಿಜ್ಜರು ಇರುತ್ತಾರೆ. ಮಾಮೂಲಿ ವಾರದ ದಿನ ಸಂಜೆ ಬಸ್ಸಿಗೆ ಹೋಗಿ, ರಾತ್ರಿ ಅವ್ವನ ಜೊತೆ ಕೂತು ರೊಟ್ಟಿ ಊಟ ಮಾಡಿ.